ನಾವು ಕದಲಿರಲಿಲ್ಲ

ಅವರು ತೀರಿಕೊಂಡು ಬಹಳ ವರ್ಷಗಳಾದವು. ಅವರ ಹೆಂಡತಿ ಹೋದ ಸುದ್ದಿ ಈಚೆಗೆ ಸಿಡ್ನಿಯ ಪರಿಚಿತರೊಬ್ಬರಿಂದ ಬಂತು. ಆಕೆ ಇರುವವರೆಗೆ ಇದನ್ನು ಬರೆಯಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈಗಲೂ ಅವರ ಹೆಸರು ಬರೆಯುವುದಿಲ್ಲ. ಮೆಲ್ಬರ್ನಿನಲ್ಲಿ ಅವರನ್ನು ಬಲ್ಲವರು ಇನ್ನೂ ಇದ್ದಾರೆ. ಆ ಪೈಕಿ ಹೆಚ್ಚಿನವರ ಪಾಲಿಗೆ ಅವರು ಬಹಳ ಒಳ್ಳೆಯವರು. ನನ್ನ ಪಾಲಿಗೂ ಮೂರು ವರ್ಷ ಹಾಗೆಯೇ ಇದ್ದರು.

ದಾವಣಗೆರೆಯಿಂದ ಮೆಲ್ಬರ್ನಿಗೆ ಓದಲು ಬಂದವಳು ನಾನು. ಓದು ಮುಗಿಸಿ, ಎರಡು ಸಾವಿರದ ಮೂರರ ಸುಮಾರಿಗೆ, ನೀರಿನ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದ್ದೆ. ಮೊದಲ ವಾರವೇ ಒಂದು ದೊಡ್ಡ ಫ್ಲಾಸ್ಕ್ ಕೈಜಾರಿ ಬಿತ್ತು. ಯಾರಿಗೂ ಅರ್ಥವಾಗುವುದಿಲ್ಲವೆಂಬ ಧೈರ್ಯದಲ್ಲಿ ಕನ್ನಡದಲ್ಲಿ ನನ್ನ ಹಣೆಬರಹವನ್ನು ಬೈದುಕೊಳ್ಳುತ್ತ ಚೂರು ಆಯುತ್ತಿದ್ದೆ. ಹಿಂದಿನಿಂದ ಒಂದು ದನಿ ಕೇಳಿತು.

"ಹೋಗ್ಲಿ ಬಿಡು ತಂಗಿ. ಕೈಗೇನೂ ಹತ್ತಿಲ್ಲಲ್ಲ?"

ಅವರು ಆ ಲ್ಯಾಬಿನ ಮೇಲ್ವಿಚಾರಕರು. ಗದಗದ ಕಡೆಯವರು, ಐವತ್ತರ ಆಸುಪಾಸು, ಸಣಕಲು ಮೈ, ಉದ್ದನೆಯ ಕಾಲು. ಇಪ್ಪತ್ತು ವರ್ಷ ಆಸ್ಟ್ರೇಲಿಯಾದಲ್ಲಿ ಕಳೆದಿದ್ದರೂ ಅವರ ಮಾತು ಮುಳಗುಂದ ನಾಕಾದ ಬಸ್ಸಿನಿಂದ ಆಗತಾನೇ ಇಳಿದಂತಿತ್ತು. ಮೂರು ತಿಂಗಳಲ್ಲಿ ನನ್ನನ್ನು ತೊಳೆಯುವ ಕೆಲಸದಿಂದ ಬಿಡಿಸಿ ತಟ್ಟೆಗಳನ್ನು ಓದುವ ಕೆಲಸಕ್ಕೆ ಹಾಕಿದರು. ನೀರಿನಲ್ಲಿದ್ದ ಸೂಕ್ಷ್ಮಜೀವಿಗಳು ತಟ್ಟೆಯಲ್ಲಿ ಚುಕ್ಕೆಗಳಾಗಿ ಬೆಳೆದಿರುತ್ತವೆ, ಅವನ್ನು ಎಣಿಸಿ ಬರೆಯಬೇಕು. ಒಮ್ಮೆ ನಾನು ಚುಕ್ಕೆಗಳನ್ನು ಸರಿಯಾಗಿ ನೋಡದೆ ಹಿಂದಿನ ವಾರದಷ್ಟೇ ಇರಬಹುದೆಂದು ಬರೆದುಬಿಟ್ಟಿದ್ದೆ. ಅವರು ತಟ್ಟೆಯನ್ನು ಮತ್ತೆ ನನ್ನ ಮುಂದಿಟ್ಟು, ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. "ಕಣ್ಣಿಗೆ ಕಂಡದ್ದನ್ನ ಬರಿ. ಏನು ಬರೀಬೇಕಂತ ಮೊದಲ ಠರಾಸಿ ಆಮ್ಯಾಲೆ ನೋಡಬ್ಯಾಡ" ಎಂದರು. ದನಿ ಏರಿಸಲಿಲ್ಲ. ನಾನು ಎಣಿಸಿ ಮುಗಿಸುವವರೆಗೆ ಎದ್ದು ಹೋಗಲೂ ಇಲ್ಲ.

ಅವರಿಗೆ ನಡೆಯುವ ಹುಚ್ಚು. ವಾರಾಂತ್ಯಗಳಲ್ಲಿ ಕಾಡುಮೇಡು ಅಲೆಯುವ ಒಂದು ಬುಷ್‌ವಾಕಿಂಗ್ ಕ್ಲಬ್ಬಿನಲ್ಲಿ ಅವರು ಲೀಡರ್. ಆ ಕ್ಲಬ್ಬಿನಲ್ಲಿ ಬೇರೆ ಭಾರತದವರು ಯಾರೂ ಇರಲಿಲ್ಲ. ಲೀಡರ್ ಆಗಲು ಅವರಿಗೆ ಒಂಬತ್ತು ವರ್ಷ ಹಿಡಿದಿತ್ತು. ತಮಗಿಂತ ಆಮೇಲೆ ಸೇರಿದವರು ಎರಡು ವರ್ಷದಲ್ಲಿ ಲೀಡರ್ ಆದದ್ದನ್ನು ನಗುತ್ತಲೇ ಹೇಳುತ್ತಿದ್ದರು, ಆದರೆ ಪದೇಪದೇ ಹೇಳುತ್ತಿದ್ದರು. ಕ್ಲಬ್ಬಿನ ನಡಿಗೆ ಇಲ್ಲದ ಭಾನುವಾರ ನನ್ನನ್ನೂ ನನ್ನ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದ ವೀಣಾಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದರು. ವೀಣಾ ಬೆಂಗಳೂರಿನವಳು, ಐಟಿಯಲ್ಲಿದ್ದಳು, ನಡಿಗೆ ಎಂದರೆ ಅಲರ್ಜಿ. ಅವಳು ಬರುತ್ತಿದ್ದುದು ಅವರ ಹೆಂಡತಿ ಕಟ್ಟಿಕೊಡುತ್ತಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಗಾಗಿ ಎಂದು ನಾವೇ ಆಡಿಕೊಳ್ಳುತ್ತಿದ್ದೆವು. ಹೆಂಡತಿ ಮೊಣಕಾಲು ನೋವೆಂದು ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಡಬ್ಬಿ ಕೊಟ್ಟು, ಸಂಜೆ ಒಳಗ ಬರ್ರಿ ಎಂದಷ್ಟೇ ಹೇಳುತ್ತಿದ್ದರು.

ಅವರ ನಡಿಗೆ ನೋಡುವಂಥದ್ದು. ಕೋಲಿನ ತುದಿಯಿಂದ ಮುಂದಿನ ನೆಲವನ್ನು ಒಮ್ಮೆ ಒತ್ತಿ, ಆಮೇಲೆ ಕಾಲಿಡುತ್ತಿದ್ದರು, ಸಿಮೆಂಟಿನ ಫುಟ್‌ಪಾತಿನಲ್ಲೂ ಕೈ ಅದೇ ಕೆಲಸ ಮಾಡುತ್ತಿತ್ತು. ಎಲ್ಲರೂ ನೀರು ಕುಡಿದಾದ ಮೇಲೆಯೇ ತಾವು ಬಾಟಲಿ ಬಿಚ್ಚುವುದು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಟ್ಟು ತಾವು ಕೊನೆಗೆ ಬರುತ್ತಿದ್ದರು. ಹಾಗಾಗಿ ಯಾವಾಗಲೂ ವೀಣಾ ಮುಂದೆ, ನಾನು ನಡುವೆ, ಅವರು ಹಿಂದೆ. ಜೌಗು ನೆಲ ಸಿಕ್ಕರಂತೂ ಅವರಿಗೆ ಹಬ್ಬ. ಹುದುಲಿನ ಮೇಲೆ ಹಸಿರು ಹಾಸಿದಂತೆ ಬೆಳೆದಿರುವ ಪಾಚಿಯನ್ನು ತುಳಿಯಬಾರದು, ಒಮ್ಮೆ ತುಳಿದ ಹೆಜ್ಜೆ ಮಾಯಲು ಹತ್ತಾರು ವರ್ಷ ಬೇಕು, ಹುಲ್ಲು ಗಂಟುಗಟ್ಟಿರುವ ಕಡೆ ಮಾತ್ರ ಕಾಲಿಡಬೇಕು. ಅದನ್ನು ಅವರು ಹೇಳಿಕೊಡುತ್ತಿದ್ದ ರೀತಿಯಲ್ಲಿ ಮಲಗಿದ ಮಗುವಿನ ಪಕ್ಕ ನಡೆಯುವವರ ಎಚ್ಚರವಿತ್ತು.

ಅವರು ನನಗೇನಾಗಿದ್ದರು ಎಂಬುದಕ್ಕೆ ಒಂದು ದಿನ ಸಾಕು. ನಾನು ಲ್ಯಾಬಿಗೆ ಸೇರಿದ ಎರಡನೇ ವರ್ಷ ಊರಿನಲ್ಲಿ ಅಪ್ಪ ತೀರಿಕೊಂಡರು. ಇಲ್ಲೇ ಕಾಯಂ ನೆಲೆಸಲು ನಾನು ಹಾಕಿದ್ದ ಪಿಆರ್ ಅರ್ಜಿ ನಡುವಿನಲ್ಲಿತ್ತು. ಆಗ ನನಗಿದ್ದ ತಾತ್ಕಾಲಿಕ ವೀಸಾದಲ್ಲಿ ದೇಶ ಬಿಟ್ಟು ಹೋದರೆ ವಾಪಸು ಬರುವಂತಿರಲಿಲ್ಲ. ನೀನು ಬರಬೇಡ, ಅಪ್ಪ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದರು ಎಂದು ಅಣ್ಣ ಫೋನಿನಲ್ಲಿ ಹೇಳಿದ. ಬೆಳಿಗ್ಗೆ ಎಂದಿನಂತೆ ಲ್ಯಾಬಿಗೆ ಹೋಗಿ ಕೋಟು ಹಾಕಿಕೊಂಡು ನಿಂತೆ. ಅವರು ನನ್ನ ಮುಖ ನೋಡಿ, ವಿಷಯ ಕೇಳಿ, ನನ್ನ ಕೋಟನ್ನು ತಾವೇ ಬಿಚ್ಚಿಸಿದರು. ಇಬ್ಬರಿಗೂ ರಜೆ ಹಾಕಿ, ಸಮುದ್ರದ ದಡಕ್ಕೆ ಕರೆದುಕೊಂಡು ಹೋದರು. ಅಂದು ನಾವು ಇಡೀ ದಿನ ನಡೆದೆವು. ಊರಿನಲ್ಲಿ ಅಪ್ಪನನ್ನು ಒಯ್ಯುವ ಹೊತ್ತಿಗೆ ಅವರು ನಿಂತು, ಬೂಟು ಬಿಚ್ಚಿ, ಪ್ಯಾಂಟು ಮಡಚಿ ಮೊಣಕಾಲುದ್ದದ ನೀರಿಗಿಳಿದರು, ನನ್ನನ್ನೂ ಇಳಿಸಿದರು. ಮೂರು ಬೊಗಸೆ ನೀರು ಬಿಡು ಎಂದರು. ಬಿಟ್ಟೆ. ಅಷ್ಟು ಬಿಟ್ಟರೆ ಆ ದಿನ ಅವರು ಒಂದೂ ಸಮಾಧಾನದ ಮಾತಾಡಲಿಲ್ಲ. ಮರುದಿನದಿಂದ ನಾನು ಅವರನ್ನು ಸರ್ ಎನ್ನುವುದು ಬಿಟ್ಟು ಅಣ್ಣ ಎಂದೆ, ಅವರ ಹೆಂಡತಿ ಅತ್ತಿಗೆಯಾದರು.

ಇನ್ನು ಆ ದಿಬ್ಬ.

ಮೆಲ್ಬರ್ನಿನಿಂದ ಐದು ಗಂಟೆ ಕಾರಿನಲ್ಲಿ ಹೋದರೆ ವಿಕ್ಟೋರಿಯಾದ ಎತ್ತರದ ಬಯಲು ಸಿಗುತ್ತದೆ. ಮರ ಕಡಿಮೆ, ಹಳದಿ ಹುಲ್ಲು, ತಗ್ಗಿನಲ್ಲೆಲ್ಲ ಹುದುಲು. ಚಳಿಗಾಲದ ಹಿಮದಲ್ಲಿ ದಾರಿ ತಪ್ಪದಿರಲೆಂದು ಉದ್ದಕ್ಕೂ ಕಂಬ ನೆಟ್ಟಿರುತ್ತಾರೆ. ಮಂಜು ಕವಿದಾಗ ಕಂಬದ ಸಾಲು ಬಿಡಬಾರದು ಎಂಬುದು ಅಲ್ಲಿ ನಡೆಯುವವರು ಮೊದಲು ಕಲಿಯುವ ಪಾಠ. ಕಂಬದ ಸಾಲಿನಿಂದ ಕಾಲು ಗಂಟೆ ಆಚೆ, ಬಯಲಿನ ನಡುವೆ, ಮೂರಂತಸ್ತಿನ ಮನೆಯಷ್ಟೇ ಎತ್ತರದ ಒಂದು ದಿಬ್ಬವಿದೆ. ನೆತ್ತಿಯ ತನಕ ಒಸರುವ ಜೌಗು. ಮ್ಯಾಪಿನಲ್ಲಿ ಅದಕ್ಕೆ ಹೆಸರಿಲ್ಲ, ಒಂದು ಚುಕ್ಕೆ ಮತ್ತು ಎತ್ತರದ ಅಂಕಿ ಇದೆ. ಕ್ಲಬ್ಬಿನವರು ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅದಕ್ಕೇ ಇರಬೇಕು, ಅವರಿಗೆ ಅದರ ಮೇಲೆ ಕಣ್ಣು. ಯಾರೂ ಹೋಗದ ದಿಬ್ಬಕ್ಕೆ ನಾವು ಮೂರು ಮಂದಿ ಕನ್ನಡದವರು ಹೋಗೋಣ ಎಂದು ಎರಡು ವರ್ಷದಿಂದ ಹೇಳುತ್ತಿದ್ದರು.

ಎರಡು ಸಾವಿರದ ಆರರ ಈಸ್ಟರ್ ರಜೆಯಲ್ಲಿ ಹೋದೆವು. ಆ ತಿಂಗಳೇ ಅವರನ್ನು ಕ್ಲಬ್ಬಿನ ನಡಿಗೆಗಳ ಕಾರ್ಯದರ್ಶಿ ಮಾಡುವ ಮಾತು ನಡೆದಿತ್ತು. ಬೆಳಿಗ್ಗೆ ರಸ್ತೆಯ ಬದಿ ಕಾರು ನಿಲ್ಲಿಸಿದಾಗ ಆಕಾಶ ತಿಳಿಯಾಗಿತ್ತು. ಅರ್ಧ ಗಂಟೆ ಕಂಬಗಳ ಜೊತೆ ನಡೆದೆವು. ಕೊನೆಗೆ ದಿಬ್ಬ ಕಂಡಾಗ ವೀಣಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದಕ್ಕಾ ಅಂಕಲ್ ಫೈವ್ ಅವರ್ಸ್ ಡ್ರೈವ್ ಮಾಡ್ಕೊಂಡ್ ಬಂದಿದ್ದು? ನಮ್ ಲೇಔಟಲ್ಲಿ ವಾಟರ್ ಟ್ಯಾಂಕ್ ಇದಕ್ಕಿಂತ ದೊಡ್ಡದಿದೆ."

ಅವರು ನಕ್ಕರು. ಆಗಲೇ ಪಶ್ಚಿಮದಿಂದ ಮಂಜು ಬರುತ್ತಿತ್ತು. ನಾನು ಕಂಬದ ಬಳಿ ನಿಂತು, ಅಣ್ಣ, ಕಾಯೋಣವೇ ಎಂದು ಕೇಳಿದೆ. ಅವರು ಗಡಿಯಾರ ನೋಡಿದರು, ದಿಬ್ಬ ನೋಡಿದರು. ಅರ್ಧ ತಾಸಿನ ಮಾತು, ಹತ್ತಿ ಇಳಿದುಬಿಡೋಣ ಎಂದರು. ಅಂದು ಮೊದಲ ಬಾರಿಗೆ ಅವರು ಎಲ್ಲರಿಗಿಂತ ಮುಂದೆ ನಡೆದರು.

ದಿಬ್ಬದ ಅರ್ಧಕ್ಕೆ ಬರುವಾಗ ಮಂಜು ನಮ್ಮನ್ನು ಮುಚ್ಚಿತು. ಐದು ಹೆಜ್ಜೆ ಮುಂದಿನವರು ಕಾಣದಷ್ಟು. ಹಿಂದೆ ಬರುತ್ತಿದ್ದ ವೀಣಾ ಕೂಗಿದ್ದು ಕೇಳಿ ತಿರುಗಿದೆ. ಹಸಿರು ಪಾಚಿಯನ್ನು ನೆಲವೆಂದು ನಂಬಿ ಕಾಲಿಟ್ಟು ತೊಡೆಯವರೆಗೆ ಹುದುಲಿನಲ್ಲಿ ಇಳಿದಿದ್ದಳು. ಮೈ ಒಂದು ಕಡೆ ವಾಲಿತ್ತು, ಕಾಲು ಒಳಗೆ ಸಿಕ್ಕಿಕೊಂಡು ತಿರುಚಿತ್ತು. ಇಬ್ಬರೂ ಸೇರಿ ಎಳೆದು ತೆಗೆಯುವಷ್ಟರಲ್ಲಿ ಅವಳು ಕುತ್ತಿಗೆಯವರೆಗೆ ನೆನೆದಿದ್ದಳು. ಮೊಣಕಾಲು ಆಗಲೇ ಊದುತ್ತಿತ್ತು, ನಿಲ್ಲಲು ಆಗಲಿಲ್ಲ. ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ.

ಒಂದು ಬಂಡೆಯ ಮರೆಯಲ್ಲಿ ಅವಳನ್ನು ಕೂರಿಸಿದೆವು. ಅವರು ತಮ್ಮ ಸ್ವೆಟರ್ ಬಿಚ್ಚಿ ಅವಳಿಗೆ ಹಾಕಿದರು, ಚಹದ ಫ್ಲಾಸ್ಕ್, ಸೀಟಿ ನನ್ನ ಕೈಗೆ ಕೊಟ್ಟರು. ಗುರುತಿಗೆಂದು ತಮ್ಮ ಕೋಲನ್ನು ಬಂಡೆಯ ಪಕ್ಕ ನೆಟ್ಟು ತುದಿಗೆ ಕೆಂಪು ಕರ್ಚೀಫು ಕಟ್ಟಿದರು.

"ನಾ ಎರಡೂವರಿ ತಾಸಿನ್ಯಾಗ ಮಂದಿ ಕರಕೊಂಡು ಬರ್ತೀನಿ. ಏನ ಆಗ್ಲಿ, ಇಲ್ಲಿಂದ ಕದಲಬ್ಯಾಡ್ರಿ."

ಆಗ ಹನ್ನೊಂದು ಗಂಟೆ. ದಿಕ್ಸೂಚಿ ಹಿಡಿದು ಅವರು ಮಂಜಿನೊಳಗೆ ಹೋದರು.

ನಾವು ಕದಲಲಿಲ್ಲ. ಒಂದು ಗಂಟೆಗೆ ಚಹ ಮುಗಿಯಿತು. ಎರಡು ಗಂಟೆಯವರೆಗೆ ವೀಣಾ ಆಫೀಸಿನ ಮ್ಯಾನೇಜರನ್ನು ಅಣಕಿಸಿ ನನ್ನನ್ನು ನಗಿಸುತ್ತಿದ್ದಳು. ಆಮೇಲೆ ಅವಳ ಮಾತು ತೊದಲಿತು. ಮೈ ಗಡಗಡ ನಡುಗುತ್ತಿದ್ದುದು ನಿಂತಿತು. ನಡುಕ ನಿಲ್ಲುವುದು ಒಳ್ಳೆಯ ಲಕ್ಷಣವಲ್ಲ ಎಂದು ಅವರೇ ನಮಗೆ ಹೇಳಿಕೊಟ್ಟಿದ್ದರು. ಅವಳ ಒದ್ದೆ ಬಟ್ಟೆ ಕಳಚಿ, ನನ್ನ ಮೈಮೇಲಿದ್ದ ಒಣ ಬಟ್ಟೆಯನ್ನೆಲ್ಲ ಅವಳಿಗೆ ತೊಡಿಸಿ, ಎರಡು ರೇನ್‌ಕೋಟುಗಳನ್ನು ಹೊದ್ದು ಅವಳನ್ನು ತಬ್ಬಿಕೊಂಡು ಕೂತೆ. ಐದೈದು ನಿಮಿಷಕ್ಕೆ ಸೀಟಿ ಊದಿದೆ. ಅವರು ಬರುತ್ತಾರೆ ಎಂಬುದರಲ್ಲಿ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ನನ್ನ ಅನುಮಾನವಿದ್ದದ್ದು ವೀಣಾಳ ಉಸಿರಿನ ಬಗ್ಗೆ. ಅವಳು ನನ್ನನ್ನು ಅಮ್ಮ ಎಂದು ಕರೆದು, ಸ್ವಲ್ಪ ಮಲಗುತ್ತೇನೆ ಎಂದು ಅಂಗಲಾಚಿದಳು. ಮಲಗಲು ಬಿಡದೆ ಕೆನ್ನೆಗೆ ಹೊಡೆದೆ. ಆ ಹೊಡೆತ ನೆನಪಾದರೆ ಈಗಲೂ ನನ್ನ ಅಂಗೈ ಉರಿಯುತ್ತದೆ.

ಬೆಳಕು ಮಾಸುವ ಹೊತ್ತಿಗೆ, ಆರು ಗಂಟೆಯ ಸುಮಾರಿಗೆ, ನನ್ನ ಸೀಟಿಗೆ ಇನ್ನೊಂದು ಸೀಟಿ ಉತ್ತರ ಕೊಟ್ಟಿತು. ಪೊಲೀಸರು ಮತ್ತು ಹುಡುಕುವ ಸ್ವಯಂಸೇವಕರು ಸ್ಟ್ರೆಚರ್ ತಂದಿದ್ದರು. ನಾನು ಕಾದಿದ್ದವರು ಮಾತ್ರ ಕೆಳಗೆ ರಸ್ತೆಯಲ್ಲಿದ್ದರು. ನಮ್ಮನ್ನು ಕಂಡು ಮುಖ ಮುಚ್ಚಿಕೊಂಡು ಅತ್ತರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಪಕ್ಕ ಬಂದು ಕೂತರು. ವೀಣಾಳ ಜೀವಕ್ಕೆ ಅಪಾಯವಿಲ್ಲ, ಮೊಣಕಾಲಿನ ಒಳಗೆ ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಬೇಕು ಎಂದು ಡಾಕ್ಟರು ಆಗತಾನೇ ಹೇಳಿ ಹೋಗಿದ್ದರು. ಪಕ್ಕ ಕೂತವರ ಕಣ್ಣುಗಳು ಕೆಂಪಾಗಿದ್ದವು. ಪೊಲೀಸರಿಗೆ ಫೋನ್ ಮಾಡುವಾಗ ನಾಲ್ಕೂವರೆ ಆಗಿತ್ತು, ಅಷ್ಟು ತಡವಾದದ್ದಕ್ಕೆ ಕಾರಣ ಹೇಳಿದರು. ಅವರು ರಸ್ತೆ ತಲುಪಿ, ಕಾರಿನಿಂದ ಹೊದಿಕೆ, ಔಷಧದ ಪೆಟ್ಟಿಗೆ ತೆಗೆದುಕೊಂಡು ಮಂದಿ ಕರೆಯಲು ಹೊತ್ತಾಗುತ್ತದೆಂದು ಒಬ್ಬರೇ ತಿರುಗಿ ಬಂದಿದ್ದರಂತೆ. ಮಂಜಿನಲ್ಲಿ ನಮ್ಮ ಬಂಡೆ ಸಿಗಲೇ ಇಲ್ಲವಂತೆ. ಮೂರು ತಾಸು ಹುಡುಕಿದರಂತೆ.

"ಕ್ಲಬ್ಬಿನವರು ಕೇಳ್ತಾರ ತಂಗಿ. ತಾ ಬಿಟ್ಟುಬಂದ ಜಾಗಾನ ತನಗ ಸಿಗಲಿಲ್ಲ ಅಂದ್ರ ಅಂವಾ ಎಂಥಾ ಲೀಡರ್ ಅಂತಾರ. ಗಾಳಿ ಭಾಳ ಇತ್ತು, ಒಂದಿಷ್ಟು ಆ ಕಡೆ ಸರಿದು ಕುಂತಿದ್ವಿ ಅಂತ ನೀ ಹೇಳು. ನಿನಗ ಯಾರೂ ಏನೂ ಅನ್ನೂದಿಲ್ಲ. ನನ್ನ ಹೆಸರು ಉಳೀತದ."

ಕಂಡದ್ದನ್ನು ಬರೆ ಎಂದು ಕಲಿಸಿದವರು ಕಾಣದ್ದನ್ನು ಹೇಳು ಎನ್ನುತ್ತಿದ್ದಾರೆ ಎಂದು ಆಗ ನನಗೆ ಹೊಳೆಯಲಿಲ್ಲ. ನನಗೆ ಹೊಳೆದದ್ದು ಪ್ಯಾಂಟು ಮಡಚಿ ತಣ್ಣನೆಯ ಸಮುದ್ರಕ್ಕಿಳಿದ ಅವರ ಕಾಲುಗಳು. ಮೂರು ತಾಸು ಮಂಜಿನಲ್ಲಿ ನಮಗಾಗಿ ಅಲೆದವರ ಮಾನಕ್ಕೆ ಇಷ್ಟು ಸಣ್ಣ ಸುಳ್ಳು ಹೆಚ್ಚಲ್ಲ ಎಂದುಕೊಂಡೆ. ಆಯಿತು ಅಣ್ಣ ಎಂದೆ.

ಕ್ಲಬ್ಬಿನ ಮೂವರು ಬಂದು ಕೇಳಿದಾಗ ಹಾಗೆಯೇ ಹೇಳಿದೆ, ಬರೆದೂ ಕೊಟ್ಟೆ. ವೀಣಾ ಕೇಳಿದಾಗಲೂ ಅದನ್ನೇ ಹೇಳಬೇಕಾಯಿತು. ಹುದುಲಿನಿಂದ ಮೇಲೆ ಬಂದ ಮೇಲಿನದು ಅವಳಿಗೆ ಅಲ್ಲಲ್ಲಿ ಚೂರುಚೂರಾಗಿ ಮಾತ್ರ ನೆನಪಿತ್ತು.

ಅಲ್ಲಿಂದ ಮಾತು ಬೆಳೆಯಿತು. ನಾನು ಹೇಳಿದ ಒಂದಿಷ್ಟು ಸರಿದದ್ದು ಅವರ ಬಾಯಲ್ಲಿ ನೂರು ಹೆಜ್ಜೆಯಾಯಿತು, ಆಮೇಲೆ ದಿಬ್ಬದ ಇನ್ನೊಂದು ಮಗ್ಗುಲಾಯಿತು. ಕದಲಬೇಡ ಎಂದು ಹೇಳಿ ಹೋಗಿದ್ದೆ, ಪಾಪ, ಹುಡುಗಿ ಹೆದರಿ ಗಾಯದವಳನ್ನು ಎಳೆದುಕೊಂಡು ಹೋಗಿಬಿಟ್ಟಳು, ನಾನು ನೆಟ್ಟ ಕೋಲಿನ ಹತ್ತಿರ ಬಂದರೆ ಯಾರೂ ಇಲ್ಲ. ಇದನ್ನು ಅವರು ನನ್ನನ್ನು ಬೈಯುತ್ತ ಹೇಳುತ್ತಿರಲಿಲ್ಲ, ಮರುಗುತ್ತ ಹೇಳುತ್ತಿದ್ದರು. ಕನ್ನಡದವರ ದೀಪಾವಳಿ ಕೂಟದಲ್ಲಿ ಒಬ್ಬರು ಆಂಟಿ ನನ್ನ ಕೈಹಿಡಿದು, ಭಯದಲ್ಲಿ ಬುದ್ಧಿ ಓಡೋದಿಲ್ಲ ಬಿಡಮ್ಮ, ನೀನೇನು ಬೇಕಂತ ಮಾಡ್ಲಿಲ್ವಲ್ಲ ಎಂದು ಕ್ಷಮಿಸಿದರು. ಅವರು ಕ್ಲಬ್ಬಿನ ಕಾರ್ಯದರ್ಶಿಯಾದರು.

ವೀಣಾಳಿಗೆ ಎರಡು ಆಪರೇಷನ್ ಆಯಿತು. ಆದರೂ ಮೊಣಕಾಲು ಪೂರ್ತಿ ಮಡಚಲಿಲ್ಲ. ಎರಡನೆಯದು ಮುಗಿಸಿ ಬಂದ ದಿನ ಸೋಫಾದ ಮೇಲೆ ಕಾಲು ಚಾಚಿಕೊಂಡು, ನನ್ನತ್ತ ನೋಡದೆ ಕೇಳಿದಳು.

"ನನ್ನ ಎಷ್ಟು ದೂರ ಎಳ್ಕೊಂಡ್ ಹೋದೆ, ನಿಜ ಹೇಳು."

ನಾನು ಎದ್ದು ಅವಳ ಕಾಲ ಕೆಳಗಿನ ದಿಂಬು ಸರಿಪಡಿಸಿದೆ. ಅದನ್ನು ಅವಳು ತನಗೆ ತಿಳಿದಂತೆ ಅರ್ಥ ಮಾಡಿಕೊಂಡಳು. ಅಂದು ಸಂಜೆ ಅವರಿಗೆ ಫೋನ್ ಮಾಡಿ, ಅಣ್ಣ, ವೀಣಾಳಿಗಾದರೂ ನಿಜ ಹೇಳೋಣ ಎಂದೆ. ನಾನೇ ಮಾತಾಡುತ್ತೇನೆ ಎಂದರು. ಮಾತಾಡಿದರೋ ಇಲ್ಲವೋ, ಮುಂದಿನ ತಿಂಗಳು ವೀಣಾ ಬೇರೆ ಮನೆಗೆ ಹೋದಳು. ಆಮೇಲೆ ಮದುವೆಯಾಗಿ ಮೆಲ್ಬರ್ನಿನ ಅಂಚಿನ ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿದಳೆಂದು ಕೇಳಿದೆ. ನನಗೆ ಕರೆಯಿರಲಿಲ್ಲ. ಅಷ್ಟರಲ್ಲಿ ಅವರೂ ಒಳ್ಳೆಯ ಕೆಲಸ ಸಿಕ್ಕಿ ಸಿಡ್ನಿಗೆ ಹೋದರು.

ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ ಒಂದು ಟ್ರೈನಿಂಗಿಗೆ ಸಿಡ್ನಿಗೆ ಹೋಗಿದ್ದೆ. ಅತ್ತಿಗೆ ಬಿಡದೆ ಕರೆದದ್ದಕ್ಕೆ ಕೆಲ್ಲಿವಿಲ್‌ನ ಅವರ ಮನೆಗೆ ಊಟಕ್ಕೆ ಹೋದೆ. ಅವರು ಮೊಸರು ತರಲು ಅಂಗಡಿಗೆ ಹೋಗಿದ್ದರು. ಅತ್ತಿಗೆ ರೊಟ್ಟಿ ಬಡಿಯುತ್ತ, ನಾನು ಇಳಿದುಹೋಗಿರುವುದನ್ನು ನೋಡಿ, ಆ ದಿಬ್ಬದ ದಿನವೇ ನಿನಗೆ ದೃಷ್ಟಿ ತಾಗಿದ್ದು ಎಂದರು. ಆ ದಿನ ತಾವೂ ಇಡೀ ಮಧ್ಯಾಹ್ನ ದೇವರ ಮುಂದೆ ಕೂತಿದ್ದಾಗಿ ಹೇಳಿದರು. ಸಂಜೆ ಸುದ್ದಿ ತಿಳಿದ ಮೇಲಲ್ಲವೇ ಎಂದೆ.

"ಇಲ್ಲವಾ, ಮಧ್ಯಾಹ್ನ ಹನ್ನೆರಡೂವರೀಕ ಫೋನ್ ಬಂದಿತ್ತಲ್ಲ. ಕೆಳಗ ಲಾಡ್ಜಿನ್ಯಾಗ ರೂಮ್ ತಗೊಂಡು ಕುಂತೀನಿ, ಮಂಜು ಸರೀಲಿ, ನಾನಾ ಹೋಗಿ ಸುಮ್ಮನ ಕರಕೊಂಡು ಬರ್ತೀನಿ ಅಂದ್ರು. ಪೊಲೀಸರಿಗೆ ಹೇಳ್ರಿ ಅಂದೆ. ಹೇಳಿದ್ರ ಕ್ಲಬ್ಬಿನವರಿಗೆ ಗೊತ್ತಾಗತದ ಅಂದ್ರು. ತಾಸಿಗೊಮ್ಮೆ ಅಲ್ಲಿಂದನ ಫೋನ್ ಮಾಡ್ತಿದ್ರು. ಕಡೀಕ ನಾನು ಅತ್ತ ಮ್ಯಾಲೆ ಪೊಲೀಸರಿಗೆ ಫೋನ್ ಮಾಡಿದ್ರು."

ಆಕೆಯ ಕೈ ರೊಟ್ಟಿ ಬಡಿಯುತ್ತಲೇ ಇತ್ತು. ಹೊರಗೆ ಅವರು ಹೇಳಿಕೊಂಡು ತಿರುಗಿದ ಕತೆ ಆಕೆಯ ಕಿವಿಗೆ ಬಿದ್ದಿರಲಿಲ್ಲ. ತಾನು ಹೇಳುತ್ತಿರುವುದು ನನಗೂ ಗೊತ್ತಿರುವ ಸಂಗತಿ ಎಂದೇ ಆಕೆ ನಂಬಿದ್ದರು.

ನಾನು ಊಟ ಮಾಡಿದೆ. ಏನು ತಿಂದೆನೋ ತಿಳಿಯದು. ಬಸ್ ನಿಲ್ದಾಣದವರೆಗೆ ಬಿಡಲು ಅವರು ಜೊತೆಗೆ ಬಂದರು. ಸಾಲು ಸಾಲು ಹೊಸ ಮನೆಗಳ ನಡುವೆ ಒಂದಿಷ್ಟು ದೂರ ನಡೆದ ಮೇಲೆ, ಅಂದು ನೀವು ಹುಡುಕಲು ಬರಲೇ ಇಲ್ಲ ಅಲ್ಲವೇ ಎಂದು ಕೇಳಿದೆ.

ಅವರು ನಿಂತರು. ನಿರಾಕರಿಸುತ್ತಾರೆ ಎಂದುಕೊಂಡಿದ್ದೆ. ನಿರಾಕರಿಸಿದ್ದರೆ ಚೆನ್ನಿತ್ತು.

"ಹೆದರಿದ್ದೆ ತಂಗಿ" ಎಂದರು. ಒಂಬತ್ತು ವರ್ಷ ಕಾದು ಗಳಿಸಿದ್ದು ಒಂದು ಫೋನಿನಲ್ಲಿ ಹೋಗುತ್ತದೆ ಎನಿಸಿತಂತೆ. ಇನ್ನು ಹತ್ತು ನಿಮಿಷಕ್ಕೆ ಮಂಜು ಸರಿಯುತ್ತದೆ, ಇನ್ನು ಹತ್ತು ನಿಮಿಷಕ್ಕೆ ಸರಿಯುತ್ತದೆ ಎಂದು ಕಿಟಕಿಯ ಮುಂದೆ ನಾಲ್ಕು ತಾಸು ಕೂತರಂತೆ.

ಅದನ್ನು ನಾನು ಹೇಗೋ ನುಂಗಬಹುದಿತ್ತು. ಹೆದರಿಕೆ ಯಾರಿಗಿಲ್ಲ. ಆದರೆ ಆಮೇಲೆ ಆ ತಪ್ಪನ್ನು ನನ್ನ ತಲೆಗೆ ಯಾಕೆ ಕಟ್ಟಿದಿರಿ ಎಂದು ಕೇಳಿದೆ. ಅದಕ್ಕವರು ಯೋಚಿಸಲಿಲ್ಲ, ಉತ್ತರ ಸಿದ್ಧವಿತ್ತು.

"ನೀ ತಡಕೋತೀ ಅಂತ ಗೊತ್ತಿತ್ತು. ವೀಣಾ ತಡಕೊಳ್ಳಾಕಿ ಅಲ್ಲ, ಕ್ಲಬ್ಬಿನವರಂತೂ ಅಲ್ಲ. ನೀ ನನ್ನ ಬಿಟ್ಟುಕೊಡೂದಿಲ್ಲ ಅಂತ ಗೊತ್ತಿತ್ತು."

ಹೊಗಳಿದಂತೆ ಹೇಳಿದರು. ನನಗೆ ನಿಂತ ನೆಲ ಇಳಿದ ಹಾಗಾಯಿತು. ಸಮುದ್ರದ ದಡದಲ್ಲಿ ಇಡೀ ದಿನ ನನ್ನ ಜೊತೆ ನಡೆದವರು ಅಂದೇ ನನ್ನ ಭಾರ ಹೊರುವ ಶಕ್ತಿಯನ್ನು ತೂಗಿ ನೋಡಿಟ್ಟುಕೊಂಡಿದ್ದರೇ? ಇಲ್ಲವೆಂದೇ ಈಗಲೂ ನಂಬುತ್ತೇನೆ. ಅಂದು ಅವರು ಪ್ರೀತಿಯಿಂದಲೇ ಬಂದಿದ್ದರು. ಆದರೆ ಬೇಕಾದಾಗ ಆ ಪ್ರೀತಿಯನ್ನೇ ಖರ್ಚು ಮಾಡಿದರು.

ಬಸ್ಸು ಬರುವ ಮುಂಚೆ ಅವರು ನನ್ನ ಎರಡೂ ಕೈ ಹಿಡಿದುಕೊಂಡು, ವೀಣಾಳಿಗೆ ತಾವೇ ಹೇಳುವುದಾಗಿ ಮಾತು ಕೊಟ್ಟರು. ನೀನು ಹೇಳಬೇಡ, ನನ್ನ ಬಾಯಿಂದಲೇ ಬರಲಿ, ಸ್ವಲ್ಪ ಟೈಮ್ ಕೊಡು ಎಂದರು. ಅತ್ತಿಗೆಗೂ ಏನೂ ತಿಳಿಯುವುದು ಬೇಡ ಎಂದರು. ನಾನು ಮತ್ತೆ ಒಪ್ಪಿದೆ. ಮೆಲ್ಬರ್ನಿಗೆ ಮರಳಿ, ಕ್ರೇಗಿಬರ್ನ್‌ನ ನನ್ನ ಮನೆಯಲ್ಲಿ ಕೂತು ಐದು ತಿಂಗಳು ಕಾದೆ. ಫೋನ್ ಬಂದಾಗಲೆಲ್ಲ ವೀಣಾ ಇರಬಹುದು ಎಂದು ಎದ್ದು ಓಡುತ್ತಿದ್ದೆ. ಆಗಸ್ಟಿನಲ್ಲಿ ಬಂದ ಫೋನು ಅತ್ತಿಗೆಯದು. ಬೆಳಿಗ್ಗೆ ವಾಕಿಂಗಿಗೆ ಹೋದವರು ರಸ್ತೆಯಲ್ಲೇ ಎದೆ ಹಿಡಿದುಕೊಂಡು ಬಿದ್ದಿದ್ದರು.

ನಾನು ಸಿಡ್ನಿಗೆ ಹೋಗಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಅತ್ತಿಗೆ ಮತ್ತೆ ಫೋನ್ ಮಾಡಿದರು. ಮೆಲ್ಬರ್ನಿನಿಂದ ಬಂದ ಕ್ಲಬ್ಬಿನವರು, ಕನ್ನಡದವರು ಎಲ್ಲರೂ ಆ ದಿಬ್ಬದ ಕತೆಯನ್ನೇ ಹೇಳಿದರಂತೆ. ಮಂಜಿನಲ್ಲಿ ಒಬ್ಬರೇ ಮೂರು ತಾಸು ಹುಡುಕಿದರು ಎಂದು ಹೊಗಳಿದರಂತೆ.

"ನನಗ ಈಗ ತಿಳೀತು ನೋಡವಾ. ನಾ ಗಾಬರಿ ಆಗಬಾರದಂತ ಲಾಡ್ಜಿನ್ಯಾಗ ಕುಂತೀನಿ ಅಂತ ಸುಳ್ಳು ಹೇಳಿದ್ರು ಅವರು. ಹುಡುಕಲಿಕ್ಕ ಹೋಗಿದ್ರು. ನಡುನಡುವ ಬಂದು ನನಗ ಫೋನ್ ಮಾಡಿರಬೇಕು. ನೀ ಅಲ್ಲೇ ಇದ್ದಿ. ಹೌದಲ್ಲ?"

ಹೌದು ಅತ್ತಿಗೆ ಎಂದೆ.

ಮುಂದಿನ ಶನಿವಾರ ಪಾಯಿಂಟ್ ಕುಕ್‌ಗೆ ಹೋದೆ. ವೀಣಾ ಬಾಗಿಲು ತೆರೆದು, ಒಂದು ಗಳಿಗೆ ನಿಂತು, ಒಳಗೆ ಕರೆದಳು. ನಡೆಯುವಾಗ ಎಡಗಾಲು ಎಳೆಯುತ್ತಿದ್ದಳು. ಒಳಕೋಣೆಯಲ್ಲಿ ಮಗು ಮಲಗಿತ್ತು. ನಾನು ಎಲ್ಲವನ್ನೂ ಹೇಳಿದೆ. ನಾವು ಬಂಡೆ ಬಿಟ್ಟು ಕದಲಿರಲೇ ಇಲ್ಲ ಎಂದೆ. ಆಸ್ಪತ್ರೆಯಲ್ಲಿ ನಾನು ಸುಳ್ಳು ಹೇಳಿದೆ ಎಂದೆ, ಯಾಕೆ ಹೇಳಿದೆ ಎಂದೆ. ಲಾಡ್ಜಿನ ವಿಷಯ, ಬಸ್ ನಿಲ್ದಾಣದ ದಾರಿಯಲ್ಲಿ ಅವರೇ ಒಪ್ಪಿಕೊಂಡ ವಿಷಯ ಹೇಳಿದೆ, ಅತ್ತಿಗೆಯ ಹೆಸರು ಮಾತ್ರ ಎತ್ತಲಿಲ್ಲ. ಅವಳು ಆಶ್ಚರ್ಯಪಡದೆ ಕೇಳಿದಳು.

"ಅಂಕಲ್ ಏಪ್ರಿಲಲ್ಲಿ ಫೋನ್ ಮಾಡಿದ್ರು" ಎಂದಳು ಕೊನೆಗೆ. "ನೀನು ಹೀಗೆ ಬಂದು ಹೇಳ್ತೀಯ ಅಂದ್ರು. ಗಿಲ್ಟಲ್ಲಿ ಅವಳಿಗೆ ತಲೆ ಸರಿಯಿಲ್ಲ, ಎಲ್ಲಾ ನನ್ಮೇಲೆ ಹಾಕ್ತಾಳೆ, ನೀನು ಬೈಬೇಡ, ಪಾಪ ಅಂದ್ರು."

ಅವರು ಮಾತು ಕೊಟ್ಟು ಒಂದು ತಿಂಗಳೂ ಆಗಿರಲಿಲ್ಲ. ನನ್ನ ಕೈ ಹಿಡಿದು ಕೇಳಿಕೊಂಡಿದ್ದ ಸಮಯವನ್ನು ಅವರು ಇದಕ್ಕೆ ಬಳಸಿದ್ದರು.

"ನೀನ್ ಹೇಳ್ತಿರೋದಕ್ಕೆ ಯಾರಾದ್ರೂ ಇದಾರಾ? ಲಾಡ್ಜ್ ವಿಷ್ಯ ಯಾರಿಗಾದ್ರೂ ಗೊತ್ತಾ?" ವೀಣಾ ಕೇಳಿದಳು. ಅವಳ ದನಿಯಲ್ಲಿ ನಂಬಲು ಒಂದು ಆಧಾರ ಹುಡುಕುವ ಆಸೆ ಇದ್ದುದು ನನಗೆ ತಿಳಿಯಿತು.

ಒಬ್ಬರು ಇದ್ದರು. ಕೆಲ್ಲಿವಿಲ್‌ನಲ್ಲಿ, ಗಂಡ ತನಗಾಗಿ ಹೇಳಿದನೆಂದು ಆಕೆ ನಂಬಿಕೊಂಡ ಒಂದು ಒಳ್ಳೆಯ ಸುಳ್ಳನ್ನು ಹಿಡಿದು ಕೂತಿದ್ದರು. ವೀಣಾ ಅತ್ತಿಗೆಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

"ಇಲ್ಲ" ಎಂದೆ. "ಯಾರೂ ಇಲ್ಲ."

ಒಳಗೆ ಮಗು ಎದ್ದಿತು. ನಾನೂ ಎದ್ದೆ. ವೀಣಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಬಂದಳು. ಕಾರಿನ ಬೀಗ ತೆಗೆಯುತ್ತಿದ್ದಾಗ ಕರೆದಳು.

"ಯಾರ್ ಹೇಳ್ತಿರೋದು ನಿಜ ಅಂತ ನಂಗೆ ಗೊತ್ತಾಗ್ತಿಲ್ಲ ಕಣೇ. ನೀನು ನನ್ ಕೆನ್ನೆಗೆ ಹೊಡೀತಾ ಇದ್ದಿದ್ದು ನೆನಪಿದೆ. ಅಷ್ಟೇ ನೆನಪಿರೋದು."

ಹೇಳಿ, ಮಗುವಿಗೆ ಗಾಳಿ ತಾಗುತ್ತದೆಂದು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಮೆಲ್ಲಗಿತ್ತು. ಆಮೇಲೆ ನಾವು ಭೇಟಿಯಾಗಲಿಲ್ಲ.